ನಿರ್ಣಯವಿಲ್ಲದೆ ನೆಲೆಗೊಂಡ ಗೀತೆ

‘ಜನಗಣಮನ’ ರಾಷ್ಟ್ರಗೀತೆಯಾದದ್ದು ಮತದಾನದಿಂದಲ್ಲ. 1950ರ ಜನವರಿ 24ರಂದು ಸಂವಿಧಾನ ರಚನಾ ಸಭೆಯಲ್ಲಿ ಔಪಚಾರಿಕ ನಿರ್ಣಯದ ಬದಲು ಅಧ್ಯಕ್ಷ ರಾಜೇಂದ್ರ ಪ್ರಸಾದರು ಒಂದು ಹೇಳಿಕೆ ನೀಡಿದರು. ‘ವಂದೇ ಮಾತರಂ’ಗೆ ಸರಿಸಮ ಗೌರವ ದಕ್ಕಿದ್ದೂ ಅದೇ ಹೇಳಿಕೆಯಿಂದ. ಸಂದರ್ಭ ಬಂದರೆ ಸರ್ಕಾರ ಪದಗಳನ್ನು ಮಾರ್ಪಡಿಸಬಹುದೆಂಬ ಅವಕಾಶವನ್ನೂ ಅದು ಉಳಿಸಿಕೊಂಡಿತ್ತು.

ಇದನ್ನು ಅವಸರದ ತೀರ್ಮಾನವೆಂದು ಎಣಿಸುವುದು ತಪ್ಪು. ಸಭೆ ಮುದ್ರೆಯೊತ್ತುವ ಎಷ್ಟೋ ಮೊದಲೇ ಗೀತೆ ಜನರ ಬಾಯಲ್ಲಿ ನೆಲೆಯೂರಿತ್ತು. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಅದು ಮೊದಲು ಕೇಳಿಸಿತು. 1919ರಲ್ಲಿ, ಕೋಲಾರ ಸೀಮೆಗೆ ಹತ್ತಿರದ ಮದನಪಲ್ಲಿಯ ಕಾಲೇಜಿನಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ಅದನ್ನು ಹಾಡಿ ಕೇಳಿಸಿದರು, ಇಂಗ್ಲಿಷಿಗೂ ತಂದರು; ಮಾರ್ಗರೆಟ್ ಕಸಿನ್ಸ್ ಅಲ್ಲಿಯೇ ಸ್ವರಲಿಪಿ ಸಿದ್ಧಪಡಿಸಲು ನೆರವಾದರು. ಮುಂದೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಸರ್ಕಾರ ಇದೇ ಧಾಟಿಗೆ ಹಿಂದೂಸ್ತಾನಿ ಸಾಹಿತ್ಯ ಹೊಂದಿಸಿಕೊಂಡಿತು. 1947ರಲ್ಲಿ ವಿಶ್ವಸಂಸ್ಥೆಯ ಭಾರತೀಯ ನಿಯೋಗದಿಂದ ರಾಷ್ಟ್ರಗೀತೆ ಕೇಳಿದಾಗ, ನಿಯೋಗದ ಬಳಿಯಿದ್ದುದು ಇದರ ಧ್ವನಿಮುದ್ರಿಕೆ. ವಾದ್ಯವೃಂದ ಅದನ್ನು ನುಡಿಸಿದಾಗ ಸಿಕ್ಕ ಮೆಚ್ಚುಗೆಯನ್ನು ನೆಹರೂ 1948ರ ಆಗಸ್ಟ್‌ನಲ್ಲಿ ಸಭೆಯ ಮುಂದಿಟ್ಟರು. ಅವರ ವಾದ ಸ್ಪಷ್ಟವಾಗಿತ್ತು: ರಾಷ್ಟ್ರಗೀತೆಯಲ್ಲಿ ಪದಗಳಷ್ಟೇ ಸ್ವರವೂ ಮುಖ್ಯ, ಹೊರದೇಶದ ವಾದ್ಯಗಾರರಿಗೂ ಅದು ಒಗ್ಗಬೇಕು.

ಕಾನೂನಿನ ಆಸರೆ ಬಂದದ್ದು ತಡವಾಗಿ, ಅದೂ ಮಿತವಾಗಿ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ ಶಿಕ್ಷೆ ವಿಧಿಸುವುದು ಗೀತೆ ಹಾಡುವವರನ್ನು ಉದ್ದೇಶಪೂರ್ವಕವಾಗಿ ತಡೆದವರಿಗೆ, ಹಾಡುತ್ತಿರುವ ಸಭೆಯನ್ನು ಕೆಡಿಸಿದವರಿಗೆ. ಹಾಡದೆ ಸುಮ್ಮನೆ ನಿಂತವರಿಗಲ್ಲ. 1976ರ ಸಂವಿಧಾನ ತಿದ್ದುಪಡಿ ಗೀತೆಯ ಗೌರವವನ್ನು ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು.

ಅಪಮಾನಕ್ಕೂ ಮೌನಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದು ನಿಚ್ಚಳವಾದದ್ದು ಕೇರಳದ ಮೂವರು ಶಾಲಾಮಕ್ಕಳಿಂದ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಅವರು ಗೀತೆಯ ವೇಳೆ ಎದ್ದು ನಿಲ್ಲುತ್ತಿದ್ದರು, ದನಿಗೂಡಿಸುತ್ತಿರಲಿಲ್ಲ. 1985ರಲ್ಲಿ ಶಾಲೆ ಅವರನ್ನು ಹೊರಹಾಕಿತು. ಮರುವರ್ಷದ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ರಾಷ್ಟ್ರಗೀತೆಯ ಚರಿತ್ರೆಯಲ್ಲಿ ಇದಕ್ಕಿಂತ ಹಿರಿದಾದ ತೀರ್ಪಿಲ್ಲ. ದೇಶಭಕ್ತಿಯನ್ನು ಕೊರಳಿನ ಪರೀಕ್ಷೆಯಿಂದ ಬಿಡಿಸಿದ್ದು ಅದು.

ಆದರೂ ಸುಪ್ರೀಂ ಕೋರ್ಟಿನದೇ 2016ರ ನವೆಂಬರ್ 30ರ ಆದೇಶ ಚಿತ್ರಮಂದಿರಗಳಲ್ಲಿ ಗೀತೆಯನ್ನು ಕಡ್ಡಾಯ ಮಾಡಿತು. ಎದ್ದು ನಿಲ್ಲದವರ ಮೇಲೆ ಹಲ್ಲೆಗಳಾದವು. 2018ರ ಜನವರಿ 9ರಂದು ಅದೇ ನ್ಯಾಯಾಲಯ ಕಡ್ಡಾಯವನ್ನು ಸಡಿಲಿಸಿ, ಗೀತೆ ನುಡಿಸುವುದನ್ನು ಚಿತ್ರಮಂದಿರಗಳ ಇಚ್ಛೆಗೆ ಬಿಟ್ಟಿತು.