ಬೀಸುವ ಕಲ್ಲಿನ ಝಿಕ್ರ್

ಆರಾಧನೆಯಲ್ಲಿ ಹಾಡಿಗೆ ಸ್ಥಾನವಿದೆಯೇ? ಉರುಸ್ ಬಂದಾಗ, ಮೀಲಾದ್ ಬಂದಾಗ ನಮ್ಮಲ್ಲಿ ಈ ಪ್ರಶ್ನೆ ಮತ್ತೆ ಏಳುತ್ತದೆ. ಒಬ್ಬರು ಹರಾಮ್ ಎನ್ನುತ್ತಾರೆ, ಇನ್ನೊಬ್ಬರು ಹಿರಿಯರ ದಾರಿ ಎನ್ನುತ್ತಾರೆ. ತೀರ್ಪು ಕೊಡುವುದು ಉಲಮಾಗಳ ಕೆಲಸ. ನಮ್ಮ ನಾಡಿನ ಚರಿತ್ರೆ ಏನು ಹೇಳುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ನಮಾಝಿನಲ್ಲಿ ವಾದ್ಯಕ್ಕೆ ಜಾಗವಿಲ್ಲ. ಆದರೆ ಹೇಳಿದ್ದನ್ನೇ ಮತ್ತೆ ಹೇಳುವುದಕ್ಕೆ ಇದೆ. ದಿನದ 17 ಫರ್ಝ್ ರಕಅತ್‌ಗಳಲ್ಲಿ ಸೂರಃ ಫಾತಿಹಾ ಮರಳಿ ಮರಳಿ ಬರುತ್ತದೆ. ನಮಾಝಿನ ಬಳಿಕದ ತಸ್ಬೀಹ್ 33, 33, 34 ಎಂದು ನೂರನ್ನು ಮುಟ್ಟುತ್ತದೆ.

ಕಾಗಿಣಾ ದಂಡೆಯ ನಮ್ಮ ದಂಡೋತಿಗೆ ಕಲಬುರಗಿ ದೂರವಲ್ಲ. ಅಲ್ಲಿ ಮಲಗಿರುವ ಹಝ್ರತ್ ಖ್ವಾಜಾ ಬಂದೇ ನವಾಝ್(ರ) 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟರು. ಸುಲ್ತಾನ ಫಿರೋಝ್ ಶಾಹ್ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ಅಲ್ಲಿಯೇ ತೀರಿಕೊಂಡರು. ಚಿಶ್ತಿಯವರಾದ ಅವರು ಸಮಾ ಕೇಳುತ್ತಿದ್ದರು. ಅವರ ಗುರು ನಸೀರುದ್ದೀನ್ ಚಿರಾಗ್ ದೆಹಲವಿ(ರ) ವಾದ್ಯವನ್ನು ಒಪ್ಪುತ್ತಿರಲಿಲ್ಲ. ಗುರುವಿನ ಗುರು ನಿಝಾಮುದ್ದೀನ್ ಔಲಿಯಾ(ರ) ಸಮಾಕ್ಕೆ ಷರತ್ತುಗಳನ್ನು ಇಟ್ಟಿದ್ದರು: ಹಾಡುವವನು ಪ್ರೌಢನಾಗಿರಬೇಕು, ಕೇಳುವವನ ಮನಸ್ಸು ಅಲ್ಲಾಹನ ಕಡೆಗಿರಬೇಕು, ಹಾಡಿನಲ್ಲಿ ಅಶ್ಲೀಲವಿರಬಾರದು, ವಾದ್ಯವಿರಬಾರದು. ಹಾಡನ್ನು ಒಪ್ಪಿದವರೂ ಅದಕ್ಕೆ ಬೇಲಿ ಹಾಕಿಯೇ ಒಪ್ಪಿದರು.

ಆದರೆ ಸಮಾ ಖಾನಖಾಹಿನ ಕೆಲವರಿಗೆ ಸೇರಿದ್ದು. ಹೊಲದಿಂದ ಬಂದು ಜೋಳ ಬೀಸುವ ಹೆಣ್ಣುಮಗಳಿಗೆ ದೀನ್ ತಲುಪಿದ್ದು ಹೇಗೆ? ಇದಕ್ಕೆ ಒಂದು ಉತ್ತರ ದಖ್ಖನಿ ಭಾಷೆಯ ಚಕ್ಕಿನಾಮಾಗಳಲ್ಲಿದೆ. ಇವು ಬೀಸುವ ಪದಗಳು. ಖ್ವಾಜಾ ಅವರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಇದೆ. ಮುಂದೆ ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಇಂಥವು ಬೆಳೆದವು. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳನ್ನು ಕುರಿತ ತಮ್ಮ 1978ರ ಗ್ರಂಥದಲ್ಲಿ ಇವನ್ನು ವಿವರಿಸಿದ್ದಾರೆ. ಕಲ್ಲಿನ ಹಿಡಿಗೂಟವನ್ನು ಅಲ್ಲಾಹನ ಹೆಸರಿನ ಅಲಿಫ್ ಅಕ್ಷರಕ್ಕೆ, ನಡುವಿನ ಕೀಲನ್ನು ಪ್ರವಾದಿಯವರಿಗೆ(ಸ) ಹೋಲಿಸುವ ಪದಗಳಿವೆ. ಪ್ರತಿ ನುಡಿಯ ಕೊನೆಗೆ ಅಲ್ಲಾಹನ ನಾಮ ಬರುತ್ತದೆ. ಕಲ್ಲು ತಿರುಗಿದಷ್ಟು ಹೊತ್ತೂ ಝಿಕ್ರ್ ನಡೆಯುತ್ತದೆ. ಅಲ್ಲಿ ತಬಲಾ ಇಲ್ಲ, ಕಲ್ಲಿನ ಸದ್ದೇ ತಾಳ. ಕೇಳುವವರೂ ಬೇಕಿಲ್ಲ, ಹಾಡುವವಳೇ ಕೇಳುವವಳು. ಓದು ಬಾರದ ತಾಯಂದಿರು ಹೀಗೆ ತೌಹೀದನ್ನು ಕಲಿತರು, ತೊಡೆಯ ಮೇಲಿನ ಮಗುವಿಗೂ ಕಲಿಸಿದರು.

ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಪದವೂ ನಿಂತಿತು. ಗಿರಣಿಯನ್ನು ದೂರಿ ಫಲವಿಲ್ಲ, ತೋಳಿಗೆ ವಿಶ್ರಾಂತಿ ಸಿಕ್ಕಿತು. ಆದರೆ ಕೆಲಸದ ನಡುವೆ ಅಲ್ಲಾಹನನ್ನು ನೆನೆಯುವ ಆ ರೂಢಿಯ ಜಾಗಕ್ಕೆ ಏನು ಬಂತು? ಮೆರವಣಿಗೆಯಲ್ಲಿ ಡಿಜೆಯ ಅಬ್ಬರ ಎಷ್ಟೇ ಏರಿದರೂ, ಮರುದಿನ ಫಜ್ರ್‌ಗೆ ಸಫ್ ತುಂಬದಿದ್ದರೆ ಆ ಸದ್ದು ಎದೆಗೆ ಇಳಿಯಲಿಲ್ಲ ಎಂದೇ ಅರ್ಥ.

ನಮ್ಮ ಮನೆಗಳ ಹಿರಿಯ ತಾಯಂದಿರಿಗೆ ಬೀಸುವ ಪದಗಳು ಒಂದೆರಡಾದರೂ ನೆನಪಿದ್ದರೆ ಕೇಳಿ ಬರೆದಿಡೋಣ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಹೊಲದಲ್ಲಿ ತೊಗರಿ ಕೊಯ್ಯುವಾಗ ನಾಲಿಗೆಯ ಮೇಲೆ ಅಲ್ಲಾಹನ ನಾಮ ಇರಲಿ. ಅದಕ್ಕೆ ಯಾರ ಅಭ್ಯಂತರವೂ ಇಲ್ಲ.