ಹುಳುಮನೆಗೆ ಬಂದ ಮೆಲ್ಬರ್ನ್

ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂತು ದೂರದೇಶದ ಆಟ ನೋಡುವುದು ಮೊಬೈಲ್ ತಂದ ಚಟ ಎಂದು ನಮ್ಮ ಕಡೆ ಹಿರಿಯರು ಬೈಯುತ್ತಾರೆ. ಪೂರ್ತಿ ನಿಜವಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಅಭ್ಯಾಸ ರೇಡಿಯೋ ಕಾಲದ್ದು. ಅದಕ್ಕೆ ಜಾಗ ಮಾಡಿಕೊಟ್ಟಿದ್ದು ರೇಷ್ಮೆ ಹುಳು.

ನಾಲ್ಕನೇ ಜ್ವರದಿಂದ ಎದ್ದ ಹುಳು ಹಣ್ಣಾಗುವುದಕ್ಕೆ ಸುಮಾರು ಒಂದು ವಾರ. ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಅದು ತಿನ್ನುವುದು ಆ ವಾರದಲ್ಲೇ. ತಟ್ಟೆಯಲ್ಲಿ ಸಾಕುತ್ತಿದ್ದಾಗ ರಾತ್ರಿ ಹತ್ತರ ಮೇಲೊಮ್ಮೆ, ಬೆಳಕು ಹರಿಯುವ ಹೊತ್ತಿಗೊಮ್ಮೆ ಸೊಪ್ಪು ಕೊಡಲೇಬೇಕಿತ್ತು. ಮನೆ ಹೇಗೂ ಎಚ್ಚರ. ಟ್ರಾನ್ಸಿಸ್ಟರ್ ಇದ್ದವರ ಮನೆಯಲ್ಲಿ ಅದೂ ಎಚ್ಚರ. (ಆಗ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಹೇಳಿದರೆ ಇವತ್ತಿನ ಹುಡುಗರು ನಗುತ್ತಾರೆ.)

ಇಂಗ್ಲೆಂಡಿನ ಆಟ ಕಷ್ಟ ಕೊಡುತ್ತಿರಲಿಲ್ಲ. 1971ರ ಆಗಸ್ಟ್ 24ರ ಗಣೇಶನ ಹಬ್ಬದ ದಿನ ಓವಲ್‌ನಲ್ಲಿ ಭಾರತ ಗೆದ್ದಾಗ ಇಲ್ಲಿನ್ನೂ ರಾತ್ರಿ ಊಟದ ಹೊತ್ತಿನೊಳಗೆ. ವೆಸ್ಟ್ ಇಂಡೀಸ್ ಹಾಗಲ್ಲ, ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. 1976ರ ಏಪ್ರಿಲ್ 12ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗವಾಸ್ಕರ್ 102, ನಮ್ಮ ವಿಶ್ವನಾಥ್ 112 ಹೊಡೆದು ಭಾರತ 406 ಮುಟ್ಟುವಷ್ಟರಲ್ಲಿ ಇಲ್ಲಿ ನಡುರಾತ್ರಿ ಕಳೆದಿತ್ತು.

ಹುಳುವಿನ ಗಡಿಯಾರಕ್ಕೆ ಸರಿಯಾಗಿ ಹೊಂದಿದ್ದು ಆಸ್ಟ್ರೇಲಿಯಾ. ಮೆಲ್ಬರ್ನ್‌ನಲ್ಲಿ ಬೇಸಿಗೆಯ ಬೆಳಗ್ಗೆ ಹನ್ನೊಂದು ಎಂದರೆ ಇಲ್ಲಿ ಮಾಗಿಯ ಚಳಿಯ ಐದೂವರೆ. ಶಾರ್ಟ್‌ವೇವ್ ಮುಳ್ಳು ತಿರುಗಿಸಿದರೆ ಕರಕರ ಸದ್ದಿನ ನಡುವೆ ರೇಡಿಯೋ ಆಸ್ಟ್ರೇಲಿಯಾ, ಅಲನ್ ಮೆಕ್‌ಗಿಲ್ವ್ರೇ ದನಿ. 1978ರ ಜನವರಿ 4ಕ್ಕೆ ಮುಗಿದ ಆ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು.

ಕನಕಪುರದ ಹತ್ತಿರದ ಹಳ್ಳಿಯಲ್ಲಿ ಸೊಪ್ಪು ಹಾಕುತ್ತಿದ್ದ ನಮ್ಮಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ‘ಚಂದ್ರ ಬಂದ್ನೇನಪ್ಪಾ?’ ಎಂದು ಮೈದುನನನ್ನು ಕೇಳುತ್ತಿದ್ದರಂತೆ. ರೇಡಿಯೋ ಕಿವಿಗೆ ಹಚ್ಚಿಕೊಂಡಿದ್ದ ಚಿಕ್ಕಜ್ಜನ ಕ್ರಿಕೆಟ್ ಹುಚ್ಚಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಯದು ಯಾರಿಗೂ ಗೊತ್ತಿರಲಿಲ್ಲ, ಕೇಳಿದ ಮೇಲೆ ಹೇಳಿದರು. ಹುಳುಮನೆಯ ಕೆಲಸದ ಹೆಚ್ಚಿನ ಪಾಲು ಹೆಂಗಸರದು. ಹಾಗಿರುವಾಗ ಆ ಬೆಳಗಿನ ಕೇಳುಗರಲ್ಲೂ ಅವರು ಕಡಿಮೆ ಇದ್ದಿರಲಾರರು. ಕ್ರಿಕೆಟ್ ಅಭಿಮಾನದ ಬಗ್ಗೆ ನಾನು ಓದಿದ ಬರಹಗಳಲ್ಲಿ ಮಾತ್ರ ಬರೀ ಗಂಡಸರು, ಅದೂ ಪೇಟೆಯವರು.

ಟಿವಿ ಬಂದ ಮೇಲಿನದು ಎಲ್ಲರಿಗೂ ಗೊತ್ತಿರುವುದೇ. 1983ರಲ್ಲಿ ಬಿನ್ನಿಯ 18 ವಿಕೆಟ್, 1986ರಲ್ಲಿ ರಾತ್ರಿ ಹನ್ನೊಂದೂವರೆಗೆ ಮೆಕ್ಸಿಕೋದಿಂದ ಮರಡೋನಾ. ಟಿವಿ ಇದ್ದದ್ದು ನಡುಮನೆಯಲ್ಲಿ, ಹುಳುಮನೆಯಲ್ಲಲ್ಲ.

ಈಗ ಸೊಪ್ಪನ್ನು ಕಡ್ಡಿ ಸಮೇತ ಹಾಕುವ ಪದ್ಧತಿ ಬಂದು ಸೊಪ್ಪು ಕೊಡುವ ಸರದಿ ದಿನಕ್ಕೆ ಎರಡು ಮೂರಕ್ಕೆ ಇಳಿದಿದೆ. ಅಜ್ಜಿ ಹತ್ತಕ್ಕೆಲ್ಲ ಮಲಗುತ್ತಾರೆ. ಚಾಂಪಿಯನ್ಸ್ ಲೀಗ್ ಪಂದ್ಯ ಚಳಿಗಾಲದಲ್ಲಿ ಇಲ್ಲಿನ ಒಂದೂವರೆಗೆ ಶುರು. ತಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಬಳಿಯೊಳಗೆ ಒಬ್ಬನೇ ನೋಡುತ್ತಾನೆ. ಗೋಲು ಬಿದ್ದರೂ ಸದ್ದು ಮಾಡುವ ಹಾಗಿಲ್ಲ.