ಸೀಟಿ ಹಿಡಿದವರಿಗೆ ಕಾನೂನಿನ ಆಸರೆ



ಮಾಲೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿದ್ದ. ಈಗ ಆತನೂ ದೈಹಿಕ ಶಿಕ್ಷಕ. "ಸಾರ್, ಊರಿನೋರು ಕಬಡ್ಡಿಗೆ ರೆಫರಿ ಆಗಿ ಬನ್ನಿ ಅಂತಾವ್ರೆ. ಹೋದ ಸಲ ಗಲಾಟೆ ಆಗಿತ್ತು. ಏನಾದ್ರೂ ಆದ್ರೆ ಯಾವ ಕಾನೂನು ಸಾರ್ ನಮ್ಮ ಕಡೆ?" ಎಂದು ಕೇಳಿದ. ಅಂದು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆದುದರಿಂದ ಈ ಬರಹ.

ಕೋಲಾರ ಸೀಮೆಯಲ್ಲಿ ಊರಹಬ್ಬಕ್ಕೂ ಕಬಡ್ಡಿಗೂ ಇರುವ ನಂಟು ನಿಮಗೆ ತಿಳಿದದ್ದೇ. ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಆಂಧ್ರದ ಗಡಿ, ಮಾಲೂರಿಗೆ ತಮಿಳುನಾಡಿನ ಗಡಿ. ಆಚೆ ಸೀಮೆಯ ತಂಡಗಳು ಬಂದರೆ ಆಟಕ್ಕೆ ಕಳೆಯೂ ಹೆಚ್ಚು, ಕಾವೂ ಹೆಚ್ಚು. ಆ ಕಾವಿನ ನಡುವೆ ಒಂಟಿಯಾಗಿ ನಿಲ್ಲುವವರು ಯಾವುದೋ ಶಾಲೆಯ ಪಿ.ಟಿ. ಮೇಷ್ಟ್ರು.

1988ರ ಯುಗಾದಿಯ ಮರುದಿನ, ಹೊಸತೊಡಕಿನಂದು, ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂತಹ ಪಂದ್ಯಾವಳಿ ನಡೆದಿದ್ದಿತು. ನನ್ನ ಸಹೋದ್ಯೋಗಿ ಮಿತ್ರರು ತೀರ್ಪುಗಾರರು; ನಾನು ಅಂಕ ಬರೆಯಲು ಕುಳಿತಿದ್ದೆ. ಕೊನೆಯ ನಿಮಿಷದಲ್ಲಿ ದಾಳಿಗಾರನ ಕಾಲು ಅಂಚಿನ ಗೆರೆಯ ಆಚೆ ಬಿದ್ದಿತು. ಸುಣ್ಣದ ಪುಡಿಯ ಮೇಲೆ ಹೆಜ್ಜೆಯ ಗುರುತು ಸ್ಪಷ್ಟವಾಗಿದ್ದಿತು. ಮಿತ್ರರು ಸೀಟಿ ಊದಿ ಔಟ್ ಎಂದರು. ಮರುಗಳಿಗೆಯಲ್ಲಿ ಸೋತ ತಂಡದ ಕಡೆಯ ಯುವಕನೊಬ್ಬ ಅಂಕಣಕ್ಕೆ ನುಗ್ಗಿ ಅವರ ಮುಖಕ್ಕೆ ಗುದ್ದಿದ. ಬಾಯಲ್ಲಿದ್ದ ಸೀಟಿಯೇ ತುಟಿಯನ್ನು ಸೀಳಿತು. ಗುದ್ದಿದವನು ನನ್ನ ತರಗತಿಯಲ್ಲಿ ಪಾಠ ಕೇಳಿದ್ದವನು.

ಠಾಣೆಗೆ ಹೋದೆವು. ತುಟಿ ಒಡೆದದ್ದು ಭಾರತೀಯ ದಂಡ ಸಂಹಿತೆಯ 323ನೆಯ ಕಲಮಿಗೆ ಸೇರುವ ಸಾಧಾರಣ ಗಾಯವೆಂದರು. ಗರಿಷ್ಠ ಶಿಕ್ಷೆ ಒಂದು ವರ್ಷ ಸೆರೆವಾಸ, ಇಲ್ಲವೆ 1,000 ರೂಪಾಯಿ ದಂಡ, ಇಲ್ಲವೆ ಎರಡೂ. ಅದು ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಒಂದು ಹಲ್ಲು ಮುರಿದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ತೀವ್ರ ಗಾಯವಾಗುತ್ತಿತ್ತು, ಪೊಲೀಸರೇ ನೇರವಾಗಿ ಕೈಗೆತ್ತಿಕೊಳ್ಳಬಹುದಿತ್ತು!

ವಿಚಿತ್ರವೆಂದರೆ, ಅದೇ ಮಿತ್ರರು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಇಲಾಖೆಯ ಓ.ಓ.ಡಿ. ಆದೇಶದ ಮೇಲೆ ಸೀಟಿ ಹಿಡಿದಿದ್ದಾಗ ಈ ಏಟು ಬಿದ್ದಿದ್ದರೆ ಸಂಗತಿಯೇ ಬೇರೆಯಾಗುತ್ತಿತ್ತು. ಅಲ್ಲಿ ಅವರು ಕರ್ತವ್ಯನಿರತ ಸರ್ಕಾರಿ ನೌಕರರು. 353ನೆಯ ಕಲಮಿನಂತೆ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ ಮಾಡಿದವನಿಗೆ ಎರಡು ವರ್ಷಗಳವರೆಗೆ, 332ರಂತೆ ಗಾಯಗೊಳಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ; ಎರಡೂ ಸಂಜ್ಞೇಯ ಅಪರಾಧಗಳು. ಮನುಷ್ಯ ಅವನೇ, ಆಟವೂ ಅದೇ. ಆದರೆ ಕಾನೂನು ನೋಡಿದ್ದು ಸೀಟಿಯನ್ನಲ್ಲ, ಸಂಬಳವನ್ನು.

ಇದಕ್ಕೆ ಚಾರಿತ್ರಿಕ ಕಾರಣವೂ ಉಂಟು. ದಂಡ ಸಂಹಿತೆಯ ಕರಡನ್ನು ಮೆಕಾಲೆಯ ನೇತೃತ್ವದ ಆಯೋಗ ಸಿದ್ಧಪಡಿಸಿದ್ದು 1837ರಲ್ಲಿ. ಅದು ಶಾಸನವಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದೇ 1863ರಲ್ಲಿ. ತೆರಿಗೆ ವಸೂಲಿಗಾರನಿಗೂ ಪೊಲೀಸನಿಗೂ ರಕ್ಷಣೆ ಬೇಕೆಂಬುದು ಅಂದಿನ ಸರ್ಕಾರಕ್ಕೆ ತಿಳಿದಿದ್ದಿತು; ಸೀಟಿ ಹಿಡಿದ ಮೇಷ್ಟ್ರು ಅದರ ಕಣ್ಣಿಗೆ ಬೀಳುವ ಕಾಲ ಅದಲ್ಲ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. 323ರ ಜಾಗದಲ್ಲಿ 115(2) ಬಂದು ದಂಡ 10,000 ರೂಪಾಯಿಗೆ ಏರಿತು. 332ರ ಜಾಗದಲ್ಲಿ 121(1) ಬಂದು ಶಿಕ್ಷೆ ಐದು ವರ್ಷಗಳಿಗೆ ಏರಿತು. ಸಂಖ್ಯೆಗಳು ಬದಲಾದವು, ಭೇದ ಹಾಗೆಯೇ ಉಳಿಯಿತು.

ಆಟದ ಒಳಗೇ ಶಿಕ್ಷೆಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಕ್ರಿಕೆಟ್ಟಿನಲ್ಲಿ 2017ರ ಅಕ್ಟೋಬರಿನಿಂದ ಜಾರಿಯಲ್ಲಿರುವ 42ನೆಯ ನಿಯಮದಂತೆ, ಅಂಪೈರನಿಗೆ ಹೊಡೆಯುವೆನೆಂದು ಬೆದರಿಸಿದ ಆಟಗಾರನನ್ನು ಪಂದ್ಯದ ಉಳಿದ ಭಾಗಕ್ಕೆ ಹೊರಹಾಕಲಾಗುತ್ತದೆ, ಎದುರಾಳಿಗೆ ಐದು ರನ್ನುಗಳು ಸಲ್ಲುತ್ತವೆ. 2022ರ ಮೇ ತಿಂಗಳಲ್ಲಿ ದೆಹಲಿಯ ಆಯ್ಕೆ ಪಂದ್ಯದಲ್ಲಿ ರೆಫರಿಯ ಮೇಲೆ ಕೈ ಮಾಡಿದ ಕುಸ್ತಿಪಟುವಿಗೆ ಕುಸ್ತಿ ಒಕ್ಕೂಟ ಆಜೀವ ನಿಷೇಧ ವಿಧಿಸಿತು. ಆದರೆ ನಿಷೇಧ ತಟ್ಟುವುದು ಸಂಘದ ಪುಸ್ತಕದಲ್ಲಿ ಹೆಸರಿರುವವನಿಗೆ ಮಾತ್ರ. ಹೊಸತೊಡಕಿನ ದಿನ ಜನಜಂಗುಳಿಯಿಂದ ನುಗ್ಗಿದವನ ಹೆಸರು ಯಾವ ಪುಸ್ತಕದಲ್ಲಿದೆ?

ಹೊರನಾಡುಗಳು ಬೇರೆ ದಾರಿ ಹಿಡಿದಿವೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕ್ರೀಡಾ ತೀರ್ಪುಗಾರರಿಗಾಗಿಯೇ ಕಾನೂನುಗಳಿವೆ. ಕ್ಯಾಲಿಫೋರ್ನಿಯದಲ್ಲಿ ಪಂದ್ಯಕ್ಕೆ ತುಸು ಮುಂಚೆಯಾಗಲಿ, ನಡುವೆಯಾಗಲಿ, ಮುಗಿದ ಕೂಡಲೇ ಆಗಲಿ ತೀರ್ಪುಗಾರನೆಂದು ತಿಳಿದೂ ಹೊಡೆದವನಿಗೆ ಒಂದು ವರ್ಷದವರೆಗೆ ಸೆರೆ, 2,000 ಡಾಲರುಗಳವರೆಗೆ ದಂಡ. ತೀರ್ಪುಗಾರನು ತರಬೇತಿ ನೀಡುವ ಸಂಸ್ಥೆಯೊಂದರಲ್ಲಿ ನೋಂದಾಯಿತನಾಗಿರಬೇಕು, ಅಷ್ಟೇ. ಸರ್ಕಾರದ ಸಂಬಳ ಬೇಕಿಲ್ಲ.

ಕಾನೂನು ತಡವಾಗಿ ಬಂದರೆ ಏನಾಗುವುದೆಂಬುದಕ್ಕೂ ನಿದರ್ಶನಗಳಿವೆ. 2012ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸಿನ ಅಲ್ಮೇರ್ ಪಟ್ಟಣದಲ್ಲಿ, ತನ್ನ ಮಗ ಆಡುತ್ತಿದ್ದ ಕ್ಲಬ್ಬಿಗಾಗಿ ಲೈನ್ಸ್‌ಮನ್ ಆಗಿ ನಿಂತಿದ್ದ ತಂದೆಯೊಬ್ಬರು ಎದುರು ತಂಡದ ಹುಡುಗರ ಒದೆತಗಳಿಂದ ಪ್ರಾಣ ಬಿಟ್ಟರು. 2023ರ ಏಪ್ರಿಲಿನಲ್ಲಿ ಒಡಿಶಾದ ಕಟಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ನೋಬಾಲ್ ಜಗಳದಲ್ಲಿ ಅಂಪೈರ್ ಆಗಿದ್ದ ತರುಣನನ್ನು ಇರಿದು ಕೊಂದರು. ಅದು ಕೂಡ ನಮ್ಮ ಊರುಗಳಂತಹ ಒಂದು ಊರು, ನಮ್ಮ ಪಂದ್ಯಗಳಂತಹ ಒಂದು ಪಂದ್ಯ. ಕೊಲೆಯಾದ ಮೇಲೆ ಕಾನೂನು ಮಾತನಾಡುತ್ತದೆ. ಮೊದಲ ಗುದ್ದಿನ ಹೊತ್ತಿಗೆ ಅದು ಮಾತನಾಡಬೇಕಿತ್ತು.

ಇದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆಯೂ ಪೊಲೀಸೂ ರಾಜ್ಯ ಪಟ್ಟಿಯಲ್ಲಿವೆ. ವೈದ್ಯರು, ದಾದಿಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಅದರಲ್ಲಿ ಖಾಸಗಿ ವೈದ್ಯರಿಗೂ ರಕ್ಷಣೆಯುಂಟು. ಅದೇ ಹಾದಿಯಲ್ಲಿ ಸೀಟಿ ಹಿಡಿದವರಿಗೂ ಒಂದು ಕಾಯ್ದೆ ಆಗಬಹುದು.

ಅಲ್ಲಿಯವರೆಗೆ ಮಾಲೂರಿನ ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು: ಸಂಘಟಕರು ಠಾಣೆಗೆ ಮುಂಚಿತವಾಗಿ ಬರೆದು ತಿಳಿಸಲಿ, ಅಂಕಣದ ಸುತ್ತ ಹಗ್ಗ ಕಟ್ಟಲಿ, ಎರಡೂ ತಂಡಗಳ ಹಿರಿಯರು ಹೊಣೆ ಹೊತ್ತು ಸಹಿ ಮಾಡಲಿ. ಇಷ್ಟಾಗದಿದ್ದರೆ ಹೋಗಬೇಡ.

ಕೊನೆಗೆ ಒಂದು ತಪ್ಪೊಪ್ಪಿಗೆ. 1988ರ ಆ ರಾತ್ರಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲು ಮಿತ್ರರು ಸಿದ್ಧರಿದ್ದರು. "ಹುಡುಗ ನಮ್ಮವನೇ, ಭವಿಷ್ಯ ಹಾಳಾಗುತ್ತದೆ, ರಾಜಿ ಮಾಡಿಕೊಳ್ಳಿ" ಎಂದು ಒತ್ತಾಯಿಸಿದವನು ನಾನು. ಅವರು ಒಪ್ಪಿದರು. ಆದರೆ ಶಾಲೆಯ ಹೊರಗೆ ಮತ್ತೆಂದೂ ಸೀಟಿ ಮುಟ್ಟಲಿಲ್ಲ. ಮರುವರ್ಷ ಆ ಹುಡುಗ ಬಂದು ಕ್ಷಮೆ ಕೇಳಿದ. ಕೇಳಿದ್ದು ನನ್ನನ್ನು, ಅವರನ್ನಲ್ಲ. ಅವರ ಮನೆಗೆ ಹೋಗೆಂದು ನಾನೂ ಹೇಳಲಿಲ್ಲ. ಕಾನೂನಿನ ಕೊರತೆಯ ಬಗ್ಗೆ ಇಷ್ಟು ಬರೆದ ನಾನು, ಇದ್ದ ಅಲ್ಪ ಕಾನೂನನ್ನೂ ಅಂದು ಬಳಸಲು ಬಿಡಲಿಲ್ಲವೆಂಬುದನ್ನು ಬರೆಯದಿದ್ದರೆ ಈ ಲೇಖನ ಅಪೂರ್ಣ.

ನಿಮ್ಮ ಊರಿನ ಅನುಭವಗಳಿದ್ದರೆ ಬರೆದು ತಿಳಿಸಿರಿ.